ಪರದೇಶದ ಗೆಳೆಯರ ಮನೆಗೆ ಮಕ್ಕಳು: ಹೋಗಿಯೂ ಬರಲಿ, ಕರೆದೂ ತರಲಿ

ಶಿರಸಿ ಕಡೆಯ ಭೈರುಂಬೆಯ ಆಸುಪಾಸಿನ ಅಡಿಕೆ ತೋಟದ ಮನೆಗಳಿಗೆ ಪರದೇಶ ಹೊಸದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಕೇರಿಗೆ ಹೋಗಿ ಜಗುಲಿಯಲ್ಲಿ ಕುಳಿತರೂ ಕವಳದ ತಟ್ಟೆ ಮುಂದೆ ಬರುವ ಹೊತ್ತಿಗೆ ಕ್ಯಾಲಿಫೋರ್ನಿಯಾದ ಮಗನ ಸುದ್ದಿಯೋ ಮೆಲ್ಬರ್ನಿನ ಮಗಳ ಸುದ್ದಿಯೋ ಬಂದಿರುತ್ತದೆ. ಅಮೆರಿಕದಲ್ಲಿ ಇಲ್ಲಿನ ತೋಟಿಗ ಸಮುದಾಯವಾದ ಹವ್ಯಕರದ್ದೇ ಒಂದು ಸಂಘವೂ ಇದೆ. ಹೀಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನೋ ಹುಡುಗಿಯೋ ಬೇಸಿಗೆ ರಜೆಗೆ ಅತ್ತೆಯ ಮನೆಗೆಂದು ವಿಮಾನ ಹತ್ತಿದರೆ ಯಾರಿಗೂ ಅಚ್ಚರಿಯಿಲ್ಲ. ಆದರೆ ಆ ಮಗು ಅಲ್ಲಿ ಕಾಣುವುದು ರಸ್ತೆ, ಅಂಗಡಿ, ಜಲಪಾತಗಳನ್ನಷ್ಟೇ. ಮನೆಯೊಳಗೆ ಅದೇ ದೋಸೆ, ಅದೇ ತಂಬುಳಿ, ಅದೇ ಉಪಚಾರ. ಎಷ್ಟು ದೂರವಿದ್ದರೂ ಅತ್ತೆ ಅತ್ತೆಯೇ. ಅದರ ಬದಲು ತನ್ನ ವಯಸ್ಸಿನ ವಿದೇಶಿ ಗೆಳೆಯನ ಮನೆಯಲ್ಲಿ, ಅವನ ಅಪ್ಪ ಅಮ್ಮನ ಕಟ್ಟುಪಾಡಿಗೆ ಒಗ್ಗಿಕೊಂಡು ತಿಂಗಳೊಪ್ಪತ್ತು ಇದ್ದು ಬಂದರೆ ಕಲಿಕೆಯೇ ಬೇರೆ. ಅಂಥ ವಾಸಕ್ಕೆ ನಮ್ಮ ಕಡೆಯ ಮಕ್ಕಳನ್ನು ಕಳಿಸಬೇಕು. ಕಳಿಸಿದಷ್ಟೇ ಮುಖ್ಯವಾಗಿ ಆ ಗೆಳೆಯನನ್ನು ನಮ್ಮ ಮನೆಗೂ ಕರೆಸಿಕೊಳ್ಳಬೇಕು. ಎರಡನೆಯದನ್ನು ಬಿಟ್ಟರೆ ಮೊದಲನೆಯದು ದುಬಾರಿ ಪ್ರವಾಸವಾಗಿಯೇ ಉಳಿಯುತ್ತದೆ.

ಈ ಪದ್ಧತಿಗೆ ಹಳೆಯ ಬೇರುಗಳಿವೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಯಿಂದ ಗಾಯಾಳುಗಳನ್ನು ಸಾಗಿಸಿದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರ ಸಂಸ್ಥೆ ಎಎಫ್‌ಎಸ್, ಎರಡನೆಯ ಯುದ್ಧವನ್ನೂ ಕಂಡ ಮೇಲೆ 1947ರಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಬೇರೆ ದೇಶದ ಮನೆಗಳಲ್ಲಿ ಇರಿಸತೊಡಗಿತು. ರೋಟರಿಯ ಯುವ ವಿನಿಮಯ 15ರಿಂದ 19 ವರ್ಷದವರಿಗಾಗಿ ಇದೆ. ಅಲ್ಪಾವಧಿಯದು ಕೆಲವು ದಿನಗಳಿಂದ ಮೂರು ತಿಂಗಳವರೆಗೆ, ದೀರ್ಘಾವಧಿಯದು ಒಂದು ಶಾಲಾ ವರ್ಷ. ವರ್ಷ ಪೂರ್ತಿ ಇರುವವರು ಅಲ್ಲಿನ ಶಾಲೆಗೇ ಹೋಗುತ್ತಾರೆ, ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸರದಿಯಂತೆ ಇರುತ್ತಾರೆ. ಊಟ, ವಸತಿ ಆತಿಥೇಯರದು. ವಿಮಾನ, ವಿಮೆ, ವೀಸಾದ ಖರ್ಚು ಕಳಿಸುವವರದು. ಮನೆ ಬದಲಿಸುವುದರಲ್ಲಿ ಒಂದು ಜಾಣತನವಿದೆ. ಒಂದೇ ಮನೆ ನೋಡಿದವನು ‘ಜರ್ಮನಿಯಲ್ಲಿ ಹೀಗೆ’ ಎಂದು ಊರಿಗೆಲ್ಲ ಸಾರುತ್ತಾನೆ, ಮೂರು ಮನೆ ನೋಡಿದವನು ‘ಆ ಮನೆಯಲ್ಲಿ ಹೀಗಿತ್ತು’ ಎಂದಷ್ಟೇ ಹೇಳುತ್ತಾನೆ.

ಹದಿಹರೆಯದವರು ಪರರ ಮನೆಯಲ್ಲಿದ್ದು ಬೆಳೆಯುವುದು ನಮ್ಮಲ್ಲೂ ಇತ್ತು. ರಸ್ತೆ, ಬಸ್ಸು ಇಲ್ಲದ ದಿನಗಳಲ್ಲಿ ಮಲೆನಾಡಿನ ಹಳ್ಳಿ ಹುಡುಗರು ಹೈಸ್ಕೂಲು ಕಲಿತದ್ದು ಪೇಟೆಯ ನೆಂಟರ ಮನೆಯಲ್ಲಿ. ನೆಂಟರಿಲ್ಲದವರಿಗೆ ಕೆಲವೆಡೆ ವಾರಾನ್ನವಿತ್ತು, ಅಂದರೆ ದಿನಕ್ಕೊಂದು ಮನೆಯಲ್ಲಿ ಊಟ. ಎಸ್.ಎಲ್. ಭೈರಪ್ಪನವರ ಆತ್ಮಕತೆ ‘ಭಿತ್ತಿ’ ಓದಿದವರಿಗೆ ಆ ಅನ್ನದ ಕಷ್ಟ, ಅವಮಾನ ಎರಡೂ ಗೊತ್ತು. ಅದು ಹೆಚ್ಚಾಗಿ ಜಾತಿಯೊಳಗಿನ ವ್ಯವಸ್ಥೆಯೂ ಆಗಿತ್ತು. ಮರಳಿ ಬರಬೇಕಾದ್ದೇನಲ್ಲ. ಆದರೂ ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ಊಟ, ಎರಡನೇ ಸಲ ಅನ್ನ ಕೇಳಬಹುದೇ ಬಾರದೇ, ಯಜಮಾನರ ಮೂಗಿನ ಮೇಲೆ ಇವತ್ತು ಸಿಟ್ಟಿದೆಯೇ ಎಂಬುದನ್ನೆಲ್ಲ ಹೊಸ್ತಿಲಲ್ಲೇ ಗ್ರಹಿಸುವ ಸೂಕ್ಷ್ಮ ಆ ಹುಡುಗರಿಗೆ ಬರುತ್ತಿತ್ತು. ಇಂದಿನ ಮಕ್ಕಳಿಗೆ ಅದಕ್ಕೆ ಅವಕಾಶವಿಲ್ಲ. ಮನೆಯಲ್ಲಿ ಸ್ವಂತ ಕೋಣೆ, ಆಮೇಲೆ ತಮ್ಮಂಥವರೇ ತುಂಬಿರುವ ಪಿಯು ಕಾಲೇಜಿನ ಹಾಸ್ಟೆಲು. ಸಂಜೆ ಆರೂವರೆಗೇ ಊಟ ಮುಗಿಸುವ, ಉಂಡ ತಟ್ಟೆಯನ್ನು ಉಂಡವರೇ ತೊಳೆದಿಡುವ, ಹೊರಗೆ ಹೊರಟರೆ ಎಷ್ಟು ಹೊತ್ತಿಗೆ ಬರುತ್ತೇನೆಂದು ಹೇಳಿಯೇ ಹೋಗಬೇಕಾದ ಮನೆಯೊಂದರಲ್ಲಿ ನಾಲ್ಕು ವಾರ ಕಳೆದರೆ ಆ ಸೂಕ್ಷ್ಮ ಅವಮಾನವಿಲ್ಲದೆಯೇ ಕೈಗೂಡುತ್ತದೆ.

ಮೊದಲ ಆಕ್ಷೇಪ ಅಡುಗೆಮನೆಯಿಂದಲೇ ಬರುತ್ತದೆ: ಊಟಕ್ಕೇನು ಗತಿ? ಇದಕ್ಕೆ ನೂರಮೂವತ್ತು ವರ್ಷಕ್ಕೂ ಹಳೆಯ ಉದಾಹರಣೆಯಿದೆ. 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗು ಹತ್ತಿದ ಮೋಹನದಾಸ ಗಾಂಧಿಗೆ ಇನ್ನೂ ಹದಿನೆಂಟು ವರ್ಷ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಸಮುದ್ರ ದಾಟುತ್ತಾರೆಂದು ಜಾತಿಯವರು ಬಹಿಷ್ಕಾರ ಹಾಕಿದ್ದರು. ಲಂಡನ್ನಿನಲ್ಲಿ ಸ್ನೇಹಿತರೊಬ್ಬರ ಜೊತೆ ರಿಚ್ಮಂಡಿನಲ್ಲಿದ್ದಾಗ ಅವರು ತಮ್ಮನಂತೆ ನೋಡಿಕೊಂಡರೂ ಮಾಂಸ ತಿನ್ನೆಂದು ದಿನವೂ ವಾದಿಸುತ್ತಿದ್ದರು. ಆಮೇಲೆ ಸೇರಿದ ಮನೆಯ ಹೆಣ್ಣುಮಕ್ಕಳು ಬ್ರೆಡ್ಡಿನ ಇನ್ನೊಂದು ತುಂಡು ಬಡಿಸುತ್ತಿದ್ದರಂತೆ. ಆ ಹಸಿವಿಗೆ ಇಡೀ ಬ್ರೆಡ್ಡಿಗಿಂತ ಕಡಿಮೆ ಯಾವುದೂ ಸಾಲುತ್ತಿರಲಿಲ್ಲ. ನಾಚಿಕೆಯಿಂದ ಬಾಯಿ ಬಿಡದ ಆ ಹುಡುಗ ಕೊನೆಗೆ ನಗರವನ್ನೆಲ್ಲ ನಡೆದು ಸಸ್ಯಾಹಾರಿ ಹೋಟೆಲು ಹುಡುಕಿಕೊಂಡರು, ಸಸ್ಯಾಹಾರಿಗಳ ಸಂಘದಲ್ಲಿ ದುಡಿದರು. ಹೇರಿಕೆಯಾಗಿದ್ದ ವ್ರತ ಅಲ್ಲಿ ಸ್ವಂತ ನಿರ್ಧಾರವಾಯಿತು. ಇಂದು ಯುರೋಪಿನ ಬಹುತೇಕ ಅಂಗಡಿಗಳಲ್ಲಿ ಸಸ್ಯಾಹಾರದ ಕಪಾಟೇ ಇರುವಾಗ ಊಟದ ಭಯ ದೊಡ್ಡದಲ್ಲ. ಒಲೆಯ ಮೇಲೆ ಬೇರೆಯವರ ಮಾಂಸ ಬೇಯುತ್ತಿದ್ದರೂ ಮುಖ ಸಿಂಡರಿಸದೆ ಅದೇ ಮೇಜಿನಲ್ಲಿ ಕುಳಿತು ತನ್ನ ಅನ್ನ ಉಣ್ಣುವುದೇ ಕಷ್ಟದ ಪಾಠ. ಅದನ್ನು ಹದಿನಾರರಲ್ಲಿ ಕಲಿತರೆ ಒಳ್ಳೆಯದು.

ಸುರಕ್ಷತೆಯ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ, ಹೆಣ್ಣುಮಕ್ಕಳ ವಿಷಯದಲ್ಲಂತೂ ಇಲ್ಲವೇ ಇಲ್ಲ. ವಿನಿಮಯ ಸಂಸ್ಥೆಗಳು ಆತಿಥೇಯರನ್ನು ಸಂದರ್ಶಿಸಿ, ಮನೆ ನೋಡಿಯೇ ಒಪ್ಪುತ್ತವೆ. ನಮ್ಮ ನಮ್ಮಲ್ಲೇ ಮಾತಾಡಿ ಕಳಿಸುವುದಾದರೆ ಆ ಕೆಲಸ ಹೆತ್ತವರದು. ಮೊಬೈಲ್ ಆಟದಲ್ಲಿ ಸಿಕ್ಕ ಗೆಳೆಯ ಸಾಲದು. ಎರಡೂ ಮನೆಯ ಹಿರಿಯರು ವಿಡಿಯೊ ಕರೆಯಲ್ಲಿ ಹಲವು ಸಲ ಮಾತಾಡಿರಬೇಕು. ವರ್ಷ ಹಾಳಾಗುತ್ತದೆಂಬ ಆತಂಕ ಪಿಯುಸಿ, ಸಿಇಟಿ, ನೀಟ್‌ಗಳ ನಡುವೆ ಸಹಜವೇ. ಹಾಗಾಗಿ ವರ್ಷದ ವಿನಿಮಯಕ್ಕೆ ನಾನು ಒತ್ತಾಯಿಸುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿದು ಕಾಲೇಜು ಶುರುವಾಗುವವರೆಗಿನ ಬಿಡುವು ಸಾಕು. ಆಗ ಯುರೋಪಿನಲ್ಲಿ ಶಾಲೆಗಳು ನಡೆಯುತ್ತಿರುತ್ತವೆ. ಗೆಳೆಯನ ತರಗತಿಯನ್ನೂ ನೋಡಿ ಬರಬಹುದು. ಖರ್ಚಿನ ಮಾತು ನಿಜ. ಕೂಲಿಕಾರರ ಮಕ್ಕಳಿಗೆ ವಿಮಾನದ ಟಿಕೆಟ್ಟು ಕೈಗೆಟುಕದು, ಅದಕ್ಕೆ ಈ ಲೇಖನದಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ವಿದೇಶಿ ಮಗು ಊರಿಗೇ ಬಂದರೆ ಊರಿನ ಮಕ್ಕಳೆಲ್ಲರಿಗೂ ಅದರ ಪಾಲು ಸಿಗುತ್ತದೆ, ಟಿಕೆಟ್ಟಿಲ್ಲದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮೊದಲೇ ಊರು ಖಾಲಿಯಾಗುತ್ತಿದೆ, ತೋಟ ನೋಡಿಕೊಳ್ಳುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ, ಇನ್ನು ಹದಿನಾರಕ್ಕೇ ಪರದೇಶದ ರುಚಿ ಹತ್ತಿಸಬೇಕೇ? ಆದರೆ ಊರು ಬಿಟ್ಟವರು ಗೆಳೆಯರ ಮನೆಯಲ್ಲಿದ್ದು ಬಂದು ಬಿಟ್ಟವರಲ್ಲ. ಅವರನ್ನು ಕರೆದೊಯ್ದದ್ದು ಸಂಬಳ ಮತ್ತು ಓದು. ಪರದೇಶವನ್ನು ಪರದೆಯ ಮೇಲಷ್ಟೇ ಕಂಡ ಮಗು ಅದನ್ನು ಸ್ವರ್ಗವೆಂದುಕೊಳ್ಳುತ್ತದೆ. ಮನೆಯೊಳಗಿದ್ದ ಮಗುವಿಗೆ ಅಲ್ಲಿನವರ ಸಾಲದ ಕಂತೂ ಒಂಟಿ ಅಜ್ಜಿಯೂ ಕಾಣುತ್ತಾರೆ. ಅಲ್ಲದೆ ಅಲ್ಲಿ ಎಲ್ಲರೂ ಕೇಳುವುದು ಒಂದೇ: ನಿಮ್ಮೂರಲ್ಲಿ ಏನು ಬೆಳೆಯುತ್ತೀರಿ, ಹೇಗೆ? ಅಡಿಕೆಯ ದುಡ್ಡಲ್ಲೇ ಓದಿದ ಎಷ್ಟು ಮಕ್ಕಳು ಇದಕ್ಕೆ ಐದು ನಿಮಿಷ ಉತ್ತರಿಸಬಲ್ಲರು? ಕರೆಸಿಕೊಳ್ಳುವುದು ಮುಖ್ಯವಾಗುವುದು ಇಲ್ಲಿ. ಯುರೋಪಿನ ಮಕ್ಕಳ ರಜೆ ಜುಲೈ, ಆಗಸ್ಟಿನಲ್ಲಿ. ನಮ್ಮಲ್ಲಿ ಜಡಿಮಳೆ, ಕಾಲಿಗೆ ಉಂಬಳ. ‘ಆಗ ಬೇಡ, ಬೇಸಿಗೆಯಲ್ಲಿ ಬರಲಿ’ ಎನ್ನುವುದು ನಮ್ಮ ಸಂಕೋಚ. ತೋಟದಲ್ಲಿ ನಿಜವಾದ ಕೆಲಸ ನಡೆಯುವುದೇ ಆಗ. ಹೊಳವು ಬಿದ್ದ ದಿನ ಕೊಳೆರೋಗ ತಡೆಯಲು ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು ಸೇರಿಸಿ ನೀಲಿ ದ್ರಾವಣ ಮಾಡುತ್ತಾರೆ. ಮರ ಹತ್ತಿದವನು ಕೊನೆ ಕೊನೆಗೂ ಅದು ತಾಗುವಂತೆ ಸಿಂಪಡಿಸುತ್ತಾನೆ. ಈ ಬೋರ್ಡೋ ದ್ರಾವಣ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಅಡಿಕೆಯ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ 1910ರ ಸುಮಾರಿಗೆ ವೈಜ್ಞಾನಿಕವಾಗಿ ಅಧ್ಯಯನ ಮಾಡಿದವರು ಕೆನಡಾದ ಲೆಸ್ಲಿ ಕೋಲ್ಮನ್. ಫ್ರಾನ್ಸಿನ ಹುಡುಗಿಯೊಬ್ಬಳು ಇದನ್ನು ನಮ್ಮ ತೋಟದಲ್ಲಿ ಕಂಡು ಪ್ರಶ್ನೆ ಕೇಳಿದಾಗ, ಉತ್ತರಿಸಲಿಕ್ಕಾದರೂ ಮನೆಯ ಮಗ ಅಪ್ಪನ ಬಳಿ ಹೋಗಿ ನಿಲ್ಲಬೇಕಾಗುತ್ತದೆ.

ಶಿರಸಿಯ ಸೇವಾ ಸಂಸ್ಥೆಗಳು, ಹಳ್ಳಿಗಳ ಹೈಸ್ಕೂಲುಗಳು, ಸಹಕಾರಿ ಸಂಘಗಳು ಸೇರಿ ವಿದೇಶಿ ಮಕ್ಕಳನ್ನು ಇರಿಸಿಕೊಳ್ಳಲು ಒಪ್ಪುವ ಮನೆಗಳ ಪಟ್ಟಿ ಮಾಡಲಿ. ಮುಂದಿನ ಬೇಸಿಗೆಗೆ ಮಗುವನ್ನು ಕಳಿಸುವವರು ದಸರೆಗೇ ಪಾಸ್‌ಪೋರ್ಟಿನ ಕೆಲಸ ಶುರುಮಾಡಿ; ವೀಸಾಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಆತಿಥೇಯರ ಆಮಂತ್ರಣವೂ ಬೇಕಾಗುತ್ತದೆ. ಯುರೋಪಿನ ಷೆಂಗೆನ್ ವೀಸಾದಲ್ಲಿ ಗರಿಷ್ಠ 90 ದಿನ ಇರಬಹುದು. ಅಲ್ಲಿಂದ ಮಗು ಬಂದರೆ, ಬಂದ 24 ಗಂಟೆಯೊಳಗೆ ಮನೆಯವರು ಆ ಅತಿಥಿಯ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು ಕಡ್ಡಾಯ.