ಕನ್ನಡ ಹೊತ್ತ ತಟ್ಟೆ, ಯುರೇನಿಯಂ ಗಡಿಯಾರ

ಮೂಗೂರು ಕಡೆಯ ಓದುಗರೊಬ್ಬರಿಗೆ ಎರಡು ಸಂದೇಹ. ಬೇರೆ ನಕ್ಷತ್ರಗಳಿಂದ ಯಾರಾದರೂ ಇಲ್ಲಿಗೆ ಬರಬಲ್ಲರೇ? ಲೋಕದಿಂದ ಲೋಕಕ್ಕೆ ಹಾರುವ ವಿಮಾನ ನಮ್ಮ ಋಷಿಗಳ ಬಳಿ ಇತ್ತಂತೆ, ದಿಟವೇ?

ಎರಡನೆಯದನ್ನು ಬೇಗ ಮುಗಿಸಬಹುದು. ಆ ಮಾತಿಗೆ ಆಧಾರವೆನ್ನುವ 'ವೈಮಾನಿಕ ಶಾಸ್ತ್ರ'ದ ಇಂಗ್ಲಿಷ್ ಅನುವಾದ ಅಚ್ಚಾದದ್ದು ಮೈಸೂರಿನಲ್ಲೇ, 1973ರಲ್ಲಿ. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದರ ಚಿತ್ರ, ಅಳತೆಗಳನ್ನು ಒರೆಗೆ ಹಚ್ಚಿದರು. ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರಲ್ಲಿರುವ ಒಂದು ವಿಮಾನಕ್ಕೂ ಹಾರುವ ಲಕ್ಷಣವಿಲ್ಲ ಎಂಬುದು ಅವರ ತೀರ್ಮಾನ. ವೇದಿಕೆಯ ಮೇಲೆ ಆ ವಿಮಾನಗಳನ್ನು ಇವತ್ತಿಗೂ ಹಾರಿಸುವವರು ಈ ವರದಿಯನ್ನೊಮ್ಮೆ ತಿರುವಿಹಾಕಬಾರದೇ!

ಮೊದಲ ಪ್ರಶ್ನೆಗೆ ಸ್ವಲ್ಪ ಪುರುಸೊತ್ತು ಬೇಕು. 1977ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲೂ ಚಿನ್ನದ ಲೇಪನದ ಒಂದೊಂದು ತಾಮ್ರದ ಗ್ರಾಮಫೋನ್ ತಟ್ಟೆಯಿದೆ. ಕಾರ್ಲ್ ಸೇಗನ್ ನೇತೃತ್ವದಲ್ಲಿ ಸಿದ್ಧವಾದ ಅದರಲ್ಲಿ 55 ಭಾಷೆಗಳ ನಮಸ್ಕಾರಗಳಿವೆ. ಅವುಗಳಲ್ಲಿ ಒಂದು ಕನ್ನಡ! ಶ್ರೀನಿವಾಸ ಕೆ. ಉಪಾಧ್ಯಾಯ ಅವರ ದನಿಯಲ್ಲಿ ಕನ್ನಡಿಗರ ಪರವಾಗಿ ಶುಭಾಶಯ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಅಲ್ಲಿದೆ. ನುಡಿಸಲು ಸೂಜಿಯನ್ನೂ ಜೊತೆಗಿಟ್ಟಿದ್ದಾರೆ.

ಇದೆಲ್ಲಕ್ಕಿಂತ ಸೊಗಸಾದದ್ದು ತಟ್ಟೆಯ ಮುಚ್ಚಳದ ಮೇಲಿನ ಪುಟ್ಟ ಚುಕ್ಕೆ. ಅದು ಶುದ್ಧ ಯುರೇನಿಯಂ-238. ಅದರಲ್ಲಿ ಅರ್ಧ ಕರಗಿ ಬೇರೆ ಧಾತುಗಳಾಗಲು ಸುಮಾರು 450 ಕೋಟಿ ವರ್ಷ ಬೇಕು, ಹೆಚ್ಚುಕಡಿಮೆ ಭೂಮಿಯ ಈಗಿನ ವಯಸ್ಸು. ಯಾರಿಗಾದರೂ ನೌಕೆ ಸಿಕ್ಕರೆ, ಯುರೇನಿಯಂ ಎಷ್ಟು ಉಳಿದಿದೆ, ಅದರಿಂದ ಹುಟ್ಟಿದ್ದೆಷ್ಟು ಎಂದು ಅಳೆದು ಹೊರಟ ಕಾಲವನ್ನು ಲೆಕ್ಕ ಹಾಕಬಹುದು. ಕೀಲಿ ಕೊಡಬೇಕಿಲ್ಲ, ಮುಳ್ಳಿಲ್ಲ, ಭಾಷೆ ಬರಬೇಕಿಲ್ಲ.

ಅಂಥ ಗಡಿಯಾರವೇ ಬೇಕು. ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್-1 ಇನ್ನೊಂದು ನಕ್ಷತ್ರದ ಹತ್ತಿರ ಸುಳಿಯಲು ಸುಮಾರು 40,000 ವರ್ಷ ಬೇಕು. ಆಗಲೂ ನಡುವಿನ ಅಂತರ 1.6 ಜ್ಯೋತಿರ್ವರ್ಷ.

ವೇಗ ಹೆಚ್ಚಿಸಿದರಾಯಿತಲ್ಲ? ಬೆಳಕಿನ ವೇಗದ ಹತ್ತನೇ ಒಂದು ಭಾಗದಲ್ಲಿ ಹೋದರೆ 4.24 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾ ಸೆಂಟಾರಿಗೆ 42 ವರ್ಷ ಸಾಕು. ತೊಡಕಿರುವುದು ಶಕ್ತಿಯಲ್ಲಿ. ಒಂದೇ ಒಂದು ಕಿಲೋ ಭಾರಕ್ಕೆ ಆ ವೇಗ ಕೊಡಲು ಸುಮಾರು 12.5 ಕೋಟಿ ಯೂನಿಟ್ ಬೇಕು. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿ ಸೇರಿ ಮುಂದೆ ಶಿವನಸಮುದ್ರದಲ್ಲಿ ಧುಮುಕುತ್ತಾಳಲ್ಲ, ಅಲ್ಲಿನ 42 ಮೆಗಾವ್ಯಾಟ್ ವಿದ್ಯುದಾಗಾರ ಹಗಲಿರುಳು ಪೂರ್ತಿ ದುಡಿದರೂ ಅಷ್ಟಕ್ಕೆ ನಾಲ್ಕು ತಿಂಗಳು. ಅದೂ ಒಂದು ಕಿಲೋಗೆ! ಇನ್ನು ಮನುಷ್ಯರು, ನೀರು, ಗಾಳಿ, ತಲುಪಿದ ಮೇಲೆ ನಿಲ್ಲಲು ಬೇಕಾದ ಇಂಧನ...

ಈ ಲೆಕ್ಕ ಅನ್ಯಲೋಕದವರಿಗೂ ಒಂದೇ. ಬರುವುದು ಅಸಾಧ್ಯವೆಂದಲ್ಲ, ವಿಪರೀತ ದುಬಾರಿ. ಅಷ್ಟೆಲ್ಲ ಖರ್ಚು ಮಾಡಿ ಬಂದವರು ರಾತ್ರಿ ಹೊತ್ತು ಮಸುಕು ಫೋಟೊಗೆ ಸಿಕ್ಕಿ ಮಾಯವಾಗುತ್ತಾರೆಂದರೆ ನಂಬುವುದು ಕಷ್ಟ.

ಹಾಗೆಂದು ಹೊರಗಿನವರು ಬಂದೇ ಇಲ್ಲವೆನ್ನುವಂತಿಲ್ಲ. ಬೇರೆ ನಕ್ಷತ್ರಗಳ ಕಡೆಯಿಂದ ಬಂದ ಮೂರು ಕಾಯಗಳು ದೂರದರ್ಶಕಗಳಿಗೆ ಸಿಕ್ಕಿವೆ: 2017ರಲ್ಲಿ ಔಮುವಾಮುವಾ, 2019ರಲ್ಲಿ ಬೋರಿಸೋವ್, 2025ರ ಜುಲೈ 1ರಂದು ಅಟ್ಲಾಸ್. ಕೊನೆಯ ಎರಡು ಧೂಮಕೇತುಗಳು. ಮೊದಲನೆಯದು ಯಾರೋ ಮಾಡಿ ಕಳಿಸಿದ್ದಿರಬಹುದೆಂದು ಹಾರ್ವರ್ಡ್‌ನ ಅವಿ ಲೋಬ್ ವಾದಿಸಿದರು. ಹೆಚ್ಚಿನ ಖಗೋಳಜ್ಞರು ಒಪ್ಪಲಿಲ್ಲ. ಅದನ್ನು ಮತ್ತೆ ನೋಡಿ ಪರೀಕ್ಷಿಸೋಣವೆಂದರೆ ಅದು ತಿರುಗಿ ಬರುವ ಹಾದಿಯಲ್ಲಿಲ್ಲ.