ಬಂಗಾರದ ಮೀನಿನ ಮೈಮೇಲಣ ಗಂಟುಗಳು

ತೊಟ್ಟಿಯಲ್ಲಿ ಸಾಕಿದ ಬಂಗಾರದ ಮೀನಿನ ಮೈಮೇಲೆ ಚುಕ್ಕೆಯಾಗಲಿ ಗಂಟಾಗಲಿ ಕಂಡೊಡನೆ ನೀರಿಗೆ ಔಷಧವನ್ನು ಸುರಿಯುವುದು ಉಚಿತವಲ್ಲ. ಮೊದಲು ಅದರ ಸ್ಥಾನವನ್ನೂ ಆಕಾರವನ್ನೂ ಪರೀಕ್ಷಿಸತಕ್ಕದ್ದು.

ಕಿವಿರುಗಳ ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಗಳ ಮುಂದಂಚಿನಲ್ಲಿಯೂ ಮಾತ್ರ ಸಣ್ಣ ಬಿಳಿಯ ಹರಳುಗಳಿದ್ದರೆ ಅದು ರೋಗವಲ್ಲ. ಸಂತಾನಕಾಲದಲ್ಲಿ ಗಂಡುಮೀನಿಗೆ ಸಹಜವಾದ ಲಕ್ಷಣ. ಇದಕ್ಕೆ ಚಿಕಿತ್ಸೆ ಬೇಡ.

ಉಪ್ಪಿನ ಕಣಗಳಂತಹ ಚುಕ್ಕೆಗಳು ಮೈಯೆಲ್ಲ ಹರಡಿ, ಮೀನು ಕಲ್ಲಿಗೆ ಮೈಯುಜ್ಜುತ್ತಿದ್ದರೆ ಅದು ಬಿಳಿಚುಕ್ಕೆ ರೋಗ. ಇದನ್ನುಂಟುಮಾಡುವ ಸೂಕ್ಷ್ಮಜೀವಿಯು ಚರ್ಮದೊಳಗಿರುವಾಗ ಔಷಧಕ್ಕೆ ಸಿಕ್ಕದು. ಹೊರಬಿದ್ದು ನೀರಿನಲ್ಲಿ ಈಜುವಾಗ ಮಾತ್ರ ನಾಶವಾಗುವುದು. ಆದುದರಿಂದ ಲೀಟರಿಗೆ 3 ಗ್ರಾಂ ಪ್ರಮಾಣದ ಉಪ್ಪನ್ನು ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿಸಿ, ಚುಕ್ಕೆಗಳು ಬೇಗನೆ ಮಾಯವಾದರೂ ಒಟ್ಟು ಎರಡು ವಾರ ಹಾಗೆಯೇ ಇರಿಸಬೇಕು. ನಡುವೆ ನೀರನ್ನು ಬದಲಿಸಿದರೆ, ಹೊಸದಾಗಿ ಹಾಕಿದ ನೀರಿಗೆ ಮಾತ್ರ ಉಪ್ಪನ್ನು ಸೇರಿಸತಕ್ಕದ್ದು.

ತಣ್ಣೀರಿನ ಕಾಲದಲ್ಲಿ ಮೇಣದ ಹನಿಗಳಂತೆ ನುಣುಪಾದ ಗಂಟುಗಳೆದ್ದರೆ ಅವು ವೈರಸ್ಸಿನಿಂದ ಆದವುಗಳಿರಬಹುದು. ಇದಕ್ಕೆ ಔಷಧವಿಲ್ಲ, ನೀರು ಬೆಚ್ಚಗಾದಂತೆ ಅವು ಸಾಮಾನ್ಯವಾಗಿ ಕುಗ್ಗುವುವು.

ಒಂದೇ ಕಡೆ ತಿಂಗಳುಗಟ್ಟಲೆ ಬೆಳೆಯುತ್ತಿರುವ ಗಟ್ಟಿಗಂಟು ಬಹುಶಃ ದುರ್ಮಾಂಸದ ಗೆಡ್ಡೆ. ಇದರಲ್ಲಿ ಉಪ್ಪು ನಿಷ್ಫಲ. ಮನೆಯಲ್ಲಿ ಅದನ್ನು ಕೊಯ್ಯುವುದಾಗಲಿ ಕೆರೆಯುವುದಾಗಲಿ ಕೂಡದು. ಮೀನು ಚೆನ್ನಾಗಿ ತಿಂದು ಈಜುತ್ತಿದ್ದರೆ ಹಾಗೆಯೇ ಬಿಡಬಹುದು. ಬಾಯಿಗೋ ಕಿವಿರಿಗೋ ಅಡ್ಡಿಯಾದಲ್ಲಿ ಪಶುವೈದ್ಯರಿಗೆ ತೋರಿಸತಕ್ಕದ್ದು.