ನಾಯಿಗಳಿಗೆ ಮಾನವರ ವೇದನಾಹರ ಔಷಧಗಳು ಸಲ್ಲುವವೇ?

ಭಾರತದ ಪ್ರಾಚೀನ ಚಿಕಿತ್ಸಾಶಾಸ್ತ್ರವು ಪ್ರಾಣಿಭೇದವನ್ನು ಗಣಿಸಿಯೇ ಪ್ರವರ್ತಿಸಿತು. ಕುದುರೆಗೆ ಶಾಲಿಹೋತ್ರನ ಶಾಸ್ತ್ರ, ಆನೆಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದ, ಕನ್ನಡದಲ್ಲಿ ಗೋವುಗಳಿಗೆ 12ನೆಯ ಶತಮಾನದ ಚಾಲುಕ್ಯ ಕೀರ್ತಿವರ್ಮನ ಗೋವೈದ್ಯ, ಹೀಗೆ ಬೇರೆಬೇರೆ ಗ್ರಂಥಗಳು ಹುಟ್ಟಿದುವು. ಒಂದು ದೇಹಕ್ಕೆ ಹಿತವಾದುದು ಮತ್ತೊಂದಕ್ಕೆ ಅಹಿತವಾಗಬಹುದೆಂಬ ವಿವೇಕವನ್ನು ಈ ವಿಭಾಗದಲ್ಲಿ ಕಾಣಬಹುದು. ಸಾಕಿದ ನಾಯಿಯು ಕುಂಟಿದೊಡನೆ ಕನಿಕರದಿಂದ ತಮ್ಮ ನೋವಿನ ಗುಳಿಗೆಯನ್ನೇ ಅದಕ್ಕೆ ತಿನ್ನಿಸುವವರು ಈ ವಿವೇಕವನ್ನು ಮರೆಯುತ್ತಾರೆ.

ಆಸ್ಪಿರಿನ್ ಔಷಧವು ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ತಡೆಯುವುದೆಂಬುದನ್ನು ಆಂಗ್ಲ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದನು. ಐಬುಪ್ರೊಫೇನ್, ನ್ಯಾಪ್ರೊಕ್ಸೆನ್‌ಗಳು ನೋವನ್ನು ಶಮನಗೊಳಿಸುವ ಕ್ರಮವೂ ಇದೇ. ಆದರೆ ಜಠರದ ಒಳಪೊರೆಯನ್ನು ಕಾಪಾಡುವುವೂ ಮೂತ್ರಪಿಂಡಗಳಿಗೆ ರಕ್ತವು ಹರಿಯುವಂತೆ ಮಾಡುವುವೂ ಆ ದ್ರವ್ಯಗಳೇ. ತಡೆಯು ಅತಿಯಾದರೆ ಜಠರದಲ್ಲಿ ವ್ರಣವೂ ಮೂತ್ರಪಿಂಡಗಳಿಗೆ ಹಾನಿಯೂ ಉಂಟಾಗುವುವು. ರಕ್ತದಲ್ಲಿ ನ್ಯಾಪ್ರೊಕ್ಸೆನ್ ಅರ್ಧಕ್ಕಿಳಿಯಲು ಮನುಷ್ಯರಲ್ಲಿ 12ರಿಂದ 17 ಗಂಟೆಗಳು ಸಾಕು. ನಾಯಿಗಳಲ್ಲಿ ಸುಮಾರು 74 ಗಂಟೆಗಳು ಬೇಕು. ಆದುದರಿಂದ ದಿನದಿನವೂ ಕೊಟ್ಟ ಗುಳಿಗೆಯು ಹಿಂದಿನದರ ಮೇಲೆ ಸಂಚಯವಾಗುತ್ತ ಹೋಗುವುದು.

ಪ್ಯಾರಸಿಟಮಾಲಿನ ದೋಷವು ಬೇರೆ ಬಗೆಯದು. ಗುಳಿಗೆಗೆ ಮಾತ್ರೆಯೆಂದೂ ಹೆಸರುಂಟಷ್ಟೆ. ಆ ಸಂಸ್ಕೃತ ಪದದ ಮೂಲಾರ್ಥವು ಅಳತೆ. 60 ಕಿಲೋಗ್ರಾಂ ತೂಗುವ ಮನುಷ್ಯನಿಗೆ ತಕ್ಕ 500 ಮಿಲಿಗ್ರಾಂ ಗುಳಿಗೆಯನ್ನು 5 ಕಿಲೋಗ್ರಾಂ ತೂಗುವ ನಾಯಿಗೆ ಕೊಟ್ಟರೆ, ತೂಕದ ಮಾನದಿಂದ ಅದು 12 ಪಟ್ಟಾಗುವುದು. ಅಷ್ಟರಿಂದ ಯಕೃತ್ತು ಕೆಡಬಹುದು. ಪ್ರಮಾಣವು ಇನ್ನೂ ಮೀರಿದರೆ ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಒಸಡುಗಳು ಕಂದುಬಣ್ಣಕ್ಕೆ ತಿರುಗುವುವು. ಬೆಕ್ಕುಗಳಿಗಂತೂ ಇದು ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕವಾಗಬಲ್ಲ ವಿಷ.

ಹಾಗೆಂದು ನಾಯಿಯ ನೋವಿಗೆ ಪರಿಹಾರವೇ ಇಲ್ಲವೆಂದು ತಿಳಿಯಬಾರದು. ಅಮೆರಿಕದಲ್ಲಿ 1996ರಲ್ಲಿ ಕಾರ್ಪ್ರೊಫೇನ್ ಎಂಬ ಔಷಧವು ನಾಯಿಗಳಿಗಾಗಿಯೇ ಅನುಮತಿಯನ್ನು ಪಡೆಯಿತು. ಮಾನವರ ಔಷಧಗಳಲ್ಲಿಯೂ ಕೆಲವನ್ನು ಪಶುವೈದ್ಯರು ತೂಕವನ್ನೂ ಯಕೃತ್ತು ಮೂತ್ರಪಿಂಡಗಳ ಸ್ಥಿತಿಯನ್ನೂ ಪರೀಕ್ಷಿಸಿ ಕೊಡುವುದುಂಟು. ವೈದ್ಯನ ಆ ನಿರ್ಣಯವನ್ನು ಒಡೆಯನು ಊಹೆಯಿಂದ ಮಾಡತಕ್ಕುದಲ್ಲ. ನಾಯಿಯು ಅಕಸ್ಮಾತ್ತಾಗಿ ಗುಳಿಗೆಯನ್ನು ನುಂಗಿದ್ದರೆ, ವಾಂತಿ, ಕಪ್ಪುಮಲ, ಆಹಾರದ್ವೇಷಗಳು ಕಾಣಿಸಲೆಂದು ಕಾಯದೆ, ಔಷಧದ ಹೆಸರನ್ನೂ ನುಂಗಿದ ಸಂಖ್ಯೆಯನ್ನೂ ಕಾಲವನ್ನೂ ತಿಳಿದುಕೊಂಡು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯುವುದು ಅವಶ್ಯಕರ್ತವ್ಯವು.